ಅವರೆಕಾಯಿಯ ಸೊಗಡು

ಒಂದು ಸಂಜೆ ಕಾಫಿ ಲೋಟ ಕೊಟ್ಟ ಹೆಂಡತಿಯ ಕೈಯಿಂದ ಅವರೆಕಾಯಿಯ ಸೊಗಡು ಬಂತು...

ತುಮಕೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಕಾಂತರಾಜು ಬೆಚ್ಚಿಬಿದ್ದ.

ಅವರೆಕಾಯಿ ಕಾಲ, ಅದರಲ್ಲೇನಿದೆ ಅನ್ನಬಹುದು ನೀವು. ಆದರೆ ಆ ಮನೆಯಲ್ಲಿ ಕಾಫಿ ಬಿಟ್ಟರೆ ಬೇರೆ ಯಾವುದಕ್ಕೂ ಒಲೆ ಹಚ್ಚುತ್ತಲೇ ಇರಲಿಲ್ಲ.

"ಇಬ್ಬರಿಗೆ ಅಡುಗೆ ಅಂದ್ರೆ ಟೈಮ್ ವೇಸ್ಟ್ ಶಶಿ, ಪಾರ್ಸೆಲ್ ತರಿಸ್ಕೋ" ಅಂದವನು ಅವನೇ. ತನ್ನ ಊಟವನ್ನು ಅಂಗಡಿಯ ಕೌಂಟರಿನಲ್ಲೇ, ಕಿವಿಗೆ ಫೋನ್ ಒತ್ತಿಕೊಂಡು ಮುಗಿಸುತ್ತಿದ್ದ.

ಹಾಗಾದರೆ ಶಶಿಕಲಾ ಯಾರ ಮನೆಯ ಅವರೆಕಾಯಿ ಸುಲಿದಳು?

"ಎಲ್ಲಿಗೆ ಹೋಗಿದ್ದೆ? ಕೈಯೆಲ್ಲಾ ಅವರೆಕಾಯಿ ವಾಸನೆ."

"ಇಲ್ಲೇ..."

ಆ 'ಇಲ್ಲೇ' ಮುಳ್ಳಿನ ಹಾಗೆ ನಾಟಿತು. ಆಮೇಲೆ ಅವನಿಗೆ ಎಲ್ಲವೂ ಅನುಮಾನವೇ. ಯಾಕೆ ಹಾಡು ಗುನುಗುತ್ತಾಳೆ? ಯಾವಾಗ ಬರ್ತೀರಿ ಅಂತ ಫೋನ್ ಮಾಡೋದನ್ನು ಯಾಕೆ ಬಿಟ್ಟಳು?

ಮರುದಿನ ಅಂಗಡಿಯನ್ನು ಹುಡುಗರಿಗೆ ಬಿಟ್ಟು, ಮನೆಯ ಹತ್ತಿರ ಮರೆಯಲ್ಲಿ ಕಾದು, ಹೊರಗೆ ಬಂದ ಅವಳನ್ನು ಹಿಂಬಾಲಿಸಿದ.

ಹಿಂದಿನ ಬೀದಿಯ ಕೊನೇ ಮನೆಯೊಳಗೆ ಅವಳು ಹೋದಳು. ಬಾಗಿಲಲ್ಲಿ ಗಂಡಸಿನ ಚಪ್ಪಲಿ... ಒಳಗಿನಿಂದ ಗಂಡಸಿನ ಮಾತು, ಅದಕ್ಕೆ ಅವಳ ನಗು.

ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಅವನು ಬಾಗಿಲು ತಳ್ಳಿದ.

ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಬೇಸಿನ್. ಒಂದು ಕಡೆ ಶಶಿಕಲಾ. ಇನ್ನೊಂದು ಕಡೆ ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡ ಮುದುಕ, ರಿಟೈರ್ಡ್ ಬಸ್ ಕಂಡಕ್ಟರ್ ಹನುಮಂತರಾಯಪ್ಪ. ಇಬ್ಬರೂ ಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು.

"ಓ, ಟೈಲ್ಸ್ ಕಾಂತರಾಜು... ಒಳಗ್ ಬಾರಪ್ಪ, ಫುಟ್‌ಬೋರ್ಡ್ ಮೇಲೆ ನಿಂತ್ಕೋಬೇಡ."

ಕಾಂತರಾಜು ನಗಲಿಲ್ಲ. "ಏನಿದು ಶಶಿ?"

"ಹಿತಕಿದಬೇಳೆ ಸಾರಿಗೆ."

"ಕದ್ದು ಬಂದು ಮಾಡೋ ಕೆಲಸವಾ? ನಮ್ಮನೇಲಿ ಒಲೆ ಇರ್ಲಿಲ್ವಾ?"

ಅವಳು ತಲೆ ಎತ್ತದೆ ಇನ್ನೊಂದು ಕಾಳು ಹಿಸುಕಿದಳು.

"ಒಲೆ ಇತ್ತು ರೀ, ಜೊತೆಗೆ ಕೂರೋರು ಇರ್ಲಿಲ್ಲ. ಇದು ಒಬ್ಬರೇ ಕೂತು ಹಿಸುಕೋ ಕಾಳಲ್ಲ... ತಾತಂಗೂ ಜೊತೆಯಿಲ್ಲ, ನಂಗೂ ಇಲ್ಲ. ಹೇಳಿದ್ರೆ ಟೈಮ್ ವೇಸ್ಟ್ ಅಂತಿದ್ರಿ."

ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ ಮೆಲ್ಲಗೆ ಅಂದಳು...

"ದಿನಾ ಹೊರಗೆ ಉಂಡು ಬರೋರು ನೀವು. ನಾನು ಒಂದಿನವಾದ್ರೂ ನಿಮ್ಮ ಕೈ ಮೂಸಿ ನೋಡಿದ್ನಾ?"

ಕಾಂತರಾಜು ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ನಿಮ್ಮ ಪಾಲಿನ ಸಾರು ತಂದು ಫ್ರಿಜ್ಜಲ್ಲಿ ಇಡ್ತಿದ್ದೆ. ನೀವು ತೆಗೀಲೇ ಇಲ್ಲ..."

ಅವನು ಕೈ ತೊಳೆದು ಬಂದು ಕೂತ. ಜೋರಾಗಿ ಅಮುಕಿದ ಕಾಳು ಹಾರಿ ಮುದುಕನ ಕನ್ನಡಕಕ್ಕೆ ಬಡಿಯಿತು.

"ಮೆತ್ತಗೆ ಕಣಪ್ಪ, ಮೆತ್ತಗೆ. ಅದು ತಾನಾಗೇ ಬರುತ್ತೆ. ನಿಂಗೇನು ಬಸ್ ಹಿಡಿಯೋದಿದೆಯಾ?"

ಕತ್ತಲಾಗುವ ಹೊತ್ತಿಗೆ ಬೇಳೆ ಬೆಂದಿತು. ಮೂವರೂ ನೆಲದ ಮೇಲೆ ಕೂತು ಮುದ್ದೆ ಉಂಡರು. ಏಳುವಾಗ ಅವನು ತಗ್ಗಿದ ದನಿಯಲ್ಲಿ ಹೇಳಿದ...

"ನಾಳೆ ನಮ್ಮನೇಲೇ ಮಾಡೋಣ. ತಾತನ್ನೂ ಕರಿ. ನಾನೂ ಊಟಕ್ಕೆ ಬರ್ತೀನಿ."

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸುಮ್ಮನೆ ಅವನ ಮುಖ ನೋಡಿದಳು.

ಮರುದಿನ ಕಾಂತರಾಜು ಅಂಗಡಿಯಿಂದ ಬೇಗ ಬಂದ. ಮನೆಯೊಳಗೆ ಸಾರು ಕುದಿಯುತ್ತಿತ್ತು, ತಾತ ಆಗಲೇ ಗೋಡೆಗೆ ಒರಗಿ ಕೂತಿದ್ದರು.

ಆದರೆ ಹಾಕಿದ್ದ ತಟ್ಟೆ ಎರಡೇ...

ಅವನು ಬರುತ್ತಾನೆಂದು ಅವಳು ನಂಬಿರಲಿಲ್ಲ. ನಂಬುವಂತೆ ಅವನಾದರೂ ಇಷ್ಟು ವರ್ಷ ಏನು ಮಾಡಿದ್ದ?

ಶಶಿಕಲಾ ಅವನನ್ನು ನೋಡಿದಳು. ಎದ್ದು ಹೋಗಿ, ಇನ್ನೊಂದು ತಟ್ಟೆ ತಂದು ತನ್ನ ಪಕ್ಕದಲ್ಲಿಟ್ಟಳು.

ಆ ತಟ್ಟೆಯ ಮುಂದೆ ಕೂರುವಾಗ ಅವನ ಕಣ್ಣು ತುಂಬಿತ್ತು...

*ಹೊಟ್ಟೆಯನ್ನು ಪಾರ್ಸೆಲ್ ಕೂಡ ತುಂಬಿಸುತ್ತದೆ... ಪಕ್ಕದ ಜಾಗವನ್ನು ಮನೆಯವರೇ ತುಂಬಬೇಕು.*

ದಿನವೂ ಆಗದಿರಬಹುದು, ನಿಜ. ಆದರೆ ನಿಮ್ಮ ಮನೆಯಲ್ಲಿ ಇವತ್ತು ಯಾರು ಒಬ್ಬರೇ ಕೂತು ಉಂಡರು ಅಂತ ನಿಮಗೆ ಗೊತ್ತಾ?