ಕೊಟ್ಟು ಕಿತ್ತುಕೊಂಡ ಕೆಲಸ

“ಕೇಸು ಬ್ಯಾಡ, ಬಿಟ್ಟುಬಿಡು” ಎಂದ ಗವಿಸಿದ್ದಪ್ಪ.

ಸುವರ್ಣಮ್ಮ ಬಿಡಲಿಲ್ಲ. ಗಂಡನನ್ನು ಮುಂದೆ ಮಾಡಿಕೊಂಡು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ವಕೀಲರ ಮೆಟ್ಟಿಲು ಹತ್ತಿಯೇಬಿಟ್ಟಳು.

ಗವಿಸಿದ್ದಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತ ಖರೀದಿಯ ಗುಮಾಸ್ತನಾಗಿದ್ದ. ಕುರುಗೋಡು ಕಡೆಯ ಊರೂರು ಸುತ್ತುವ ಕೆಲಸ; ಸುಗ್ಗಿ ಬಂತೆಂದರೆ ಮನೆಯ ಮುಖ ಕಾಣುತ್ತಿರಲಿಲ್ಲ. ಅದು ಸಾಕಾಗಿ ಸುವರ್ಣಮ್ಮನೇ ಬಳ್ಳಾರಿಯ ಹತ್ತಿ ಗಿರಣಿಗೆ ಅರ್ಜಿ ಹಾಕಿಸಿದ್ದಳು. ಕೂತು ಮಾಡುವ ಕೆಲಸ, ಇರಲು ಕ್ವಾರ್ಟರ್ಸು. 1974ರ ಬೇಸಗೆಯಲ್ಲಿ ಆರ್ಡರು ಬಂತು. ಒಪ್ಪಿ ಸಹಿ ಹಾಕಿ ಕಳಿಸಿದ. ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಅವಳು ಮಕ್ಕಳನ್ನು ಶಾಲೆ ಬಿಡಿಸಿದಳು, ಎಮ್ಮೆ ಮಾರಿದಳು, ಬಾಡಿಗೆ ಮನೆ ಖಾಲಿ ಮಾಡಿದಳು.

ಲಾರಿ ಗಿರಣಿಯ ಗೇಟಿನ ಮುಂದೆ ನಿಂತಾಗ ವಾಚ್‌ಮನ್ ಒಳಗೆ ಬಿಡಲಿಲ್ಲ. “ಆ ಕೆಲಸ ಬ್ಯಾರೆಯವರಿಗೆ ಆಗೇತ್ರಿ.” ಮ್ಯಾನೇಜರ್ ರಂಗಣ್ಣ ಹೊರಗೆ ಬರಲೇ ಇಲ್ಲ. ಮಕ್ಕಳು ಬಿಸಿಲಲ್ಲಿ ಗಂಟುಮೂಟೆಗಳ ಮೇಲೆ ಕೂತಿದ್ದವು. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಸಂಜೆ ಅದೇ ಲಾರಿಯಲ್ಲಿ ತಿರುಗಿ ಸಿರುಗುಪ್ಪಕ್ಕೆ ಬಂದು, ಅವಳ ಅಣ್ಣನ ಮನೆಯ ಹಿಂದಿನ ಕೋಣೆ ಸೇರಿದರು. ಅತ್ತಿಗೆಯ ಮುಖ ಮರುದಿನದಿಂದಲೇ ಬಿಗಿಯಿತು. ಹಳೇ ಧಣಿ ಗವಿಸಿದ್ದಪ್ಪನನ್ನು ವಾಪಸು ಸೇರಿಸಿಕೊಳ್ಳಲಿಲ್ಲ.

ವಕೀಲ ಎರ್ರಿಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡರು.

“ನೋಡಮ್ಮ, ಕೆಲಸ ಕೊಡ್ರಿ ಅಂತ ಖಾಸಗಿಯವರಿಗೆ ಕೋರ್ಟು ಬಲವಂತ ಮಾಡಾಂಗಿಲ್ಲ. ಆದ್ರ ಅವರು ಕರದಾರ, ಇವರು ಒಪ್ಯಾರ. ಅಲ್ಲಿಗೆ ಅದು ಕರಾರು. ಅವರ ಮಾತು ನಂಬಿ ಇದ್ದ ಕೆಲಸ ಬಿಟ್ಟಾರ. ಆ ನಷ್ಟ ಅವರು ತುಂಬಿಕೊಡಬೇಕು.”

“ದೊಡ್ಡವರ ಜೊತಿ ನಮಗ್ಯಾಕ ಜಗಳ?” ಎಂದ ಗವಿಸಿದ್ದಪ್ಪ, ನೆಲ ನೋಡುತ್ತ.

“ಮಕ್ಕಳು ಬೀದ್ಯಾಗ ಕುಂತಾಗ ನಿಮಗ ಏನೂ ಅನ್ನಿಸಲಿಲ್ಲೇನ್ರಿ?” ಸುವರ್ಣಮ್ಮ ಗಂಡನ ಮೇಲೆ ರೇಗಿದಳು. ವಕೀಲರ ಕಡೆ ತಿರುಗಿದಳು. “ಇಂಥಾ ಸಾಧು ಮನುಷ್ಯಾಗ ಮೋಸ ಮಾಡ್ಯಾರ್ರಿ ಸಾಹೇಬ್ರ. ನಾ ಬಿಡಾಕಿ ಅಲ್ಲ.”

ಅವಳು ಬಿಡಲಿಲ್ಲ. ಪ್ರತಿ ವಾಯಿದೆಗೂ ಸಿರುಗುಪ್ಪದಿಂದ ಬಳ್ಳಾರಿಯ ಕೋರ್ಟಿಗೆ ಬಸ್ಸು ಹತ್ತಿದಳು. ಗವಿಸಿದ್ದಪ್ಪ ಒಮ್ಮೆ ಬಂದರೆ ಎರಡು ಸಲ ತಪ್ಪಿಸಿದ. ಅವನಿಗೆ ಧೈರ್ಯ ಸತ್ತುಹೋಗಿದೆ ಎಂದುಕೊಂಡು, ಅವನ ಪಾಲಿನ ಸಿಟ್ಟನ್ನೂ ತಾನೇ ಹೊತ್ತಳು. ನಿದ್ದೆಯಲ್ಲೂ ಆ ರಂಗಣ್ಣನನ್ನು ಶಪಿಸಿದಳು.

ರಂಗಣ್ಣ ಸಾಕ್ಷಿ ಹೇಳುವ ದಿನ ಗವಿಸಿದ್ದಪ್ಪ ಜ್ವರ ಎಂದು ಹೊದ್ದು ಮಲಗಿದ. ಹಣೆ ಮುಟ್ಟಿ ನೋಡಿ, ಎಬ್ಬಿಸಿಕೊಂಡು ಹೊರಟಳು.

ಕಟಕಟೆಯಲ್ಲಿ ರಂಗಣ್ಣ ತಡವರಿಸಲಿಲ್ಲ.

“ಕೆಲಸ ನಾವು ಕಿತ್ತುಕೊಂಡಿಲ್ಲ ಸ್ವಾಮಿ. ಇವರ ಹೆಂಡತಿ ಬಂದಿದ್ದರು. ನನ್ನ ಗಂಡಗ ಬಳ್ಳಾರಿಗೆ ಬರೋ ಮನಸ್ಸಿಲ್ಲ, ಹೇಳಾಕ ಸಂಕೋಚ, ಕೆಲಸ ಬ್ಯಾರೆಯವರಿಗೆ ಕೊಡ್ರಿ ಅಂತ ಕೈಮುಗಿದರು. ಹಂಗಾಗಿ ಕೊಟ್ವಿ.”

“ಸುಳ್ಳು!” ಸುವರ್ಣಮ್ಮ ಎದ್ದು ನಿಂತಿದ್ದಳು. “ನಾ ಯಾವಾಗ ಬಂದಿದ್ನಿ? ನಿಮ್ಮ ಗಿರಣಿ ಒಳಗ ಕಾಲೇ ಇಟ್ಟಿಲ್ಲ!”

ನ್ಯಾಯಾಧೀಶರು ಮೇಜು ತಟ್ಟಿ ಅವಳನ್ನು ಸುಮ್ಮನಾಗಿಸಿದರು. ಎರ್ರಿಸ್ವಾಮಿಯ ಮುಖ ಅರಳಿತು. ಇಂಥ ಸುಳ್ಳಿಗಾಗಿಯೇ ಅವರು ಕಾದಿದ್ದರು.

“ಹೆಂಡತಿ ಇಲ್ಲೇ ಅದಾರ. ಸರಿಯಾಗಿ ನೋಡಿ ಹೇಳ್ರಿ ರಂಗಣ್ಣೋರೆ, ಬಂದಿದ್ದು ಇವರೇನು?”

ರಂಗಣ್ಣ ಅವಳನ್ನು ದಿಟ್ಟಿಸಿದ. ಗೊಂದಲಪಟ್ಟ. ತಲೆಯಾಡಿಸಿದ.

“ಅಲ್ರಿ. ಇವರಲ್ಲ.”

ಸುವರ್ಣಮ್ಮ ಗೆದ್ದವಳಂತೆ ಗಂಡನ ಕಡೆ ನೋಡಿದಳು. ಅವನು ಅವಳನ್ನು ನೋಡಲಿಲ್ಲ.

“ಬಂದಿದ್ದ ಹೆಂಗಸನ್ನೂ ಸಾಕ್ಷಿಗೆ ಕರೆಸಿದ್ದೇವೆ, ಸ್ವಾಮಿ” ಎಂದರು ಗಿರಣಿಯ ವಕೀಲರು. “ಹೊರಗೆ ಕೂತಿದ್ದಾರೆ.”

ನ್ಯಾಯಾಧೀಶರು ಸನ್ನೆ ಮಾಡಿದರು. ಜವಾನ ಬಾಗಿಲಿಗೆ ಹೋಗಿ, ವರಾಂಡದ ಕೊನೆಯವರೆಗೂ ಕೇಳುವಂತೆ ಕೂಗಿದ:

“ಕುರುಗೋಡು ಹೊನ್ನೂರಮ್ಮ, ಗಂಡ ಗವಿಸಿದ್ದಪ್ಪ, ಹಾಜರಾಗಬೇಕು!”