ಘಾನಾಕ್ಕೆ ನನ್ನ ಒಪ್ಪಿಗೆ

ಘಾನಾದ ಹಳ್ಳಿಗಳಲ್ಲಿ ಸೋಲಾರ್ ಪಂಪ್ ಕೂರಿಸುವ ಎರಡು ದೇಶಗಳ ಯೋಜನೆಗೆ ನಮ್ಮ ಕಾಲೇಜಿನಿಂದ ಒಬ್ಬರನ್ನು ಕಳಿಸುವುದಿತ್ತು. ಸಂದರ್ಶನಕ್ಕೆ ಮೊದಲೇ ನಾನು ಸ್ಟೇಟಸ್‌ನಲ್ಲಿ ಆಫ್ರಿಕಾದ ಭೂಪಟ ಹಾಕಿಬಿಟ್ಟಿದ್ದೆ.

ವಿಡಿಯೊ ಕಾಲ್ ಶುರುವಾಗುವ ಮುಂಚೆ ಗೆಳತಿ ಇಂಚರಾ ಕಿವಿಮಾತು ಹೇಳಿದಳು. “ಲೇ, ನಿನ್ ಇಂಗ್ಲಿಷ್ ಕೇಳಿದ್ರೆ ಎರಡು ದೇಶದ ಸಂಬಂಧಾನೇ ಕೆಡುತ್ತೆ. ಬಾಯಿ ಮುಚ್ಕೊಂಡು ನಗ್ತಾ ತಲೆ ಆಡಿಸು, ಸಾಕು.”

ಘಾನಾ ಕಡೆಯಿಂದ ಸಂದರ್ಶನ ಮಾಡುತ್ತಿದ್ದ ಅಬೆನಾ ಮೇಡಂ ಕೇಳಿದರು. “ಆರು ತಿಂಗಳು ಹಳ್ಳಿಯಲ್ಲಿ ಇರ್ತೀಯಾ?”

ಹೂಂ ಅನ್ನುವಾಗ ನಮ್ಮೂರಲ್ಲಿ ಮಾಡುವ ಹಾಗೆ ಅತ್ತಿತ್ತ ತಲೆ ಆಡಿಸಿದೆ.

“ಬಿಸಿಲಲ್ಲಿ ಕೆಲಸ ಮಾಡೋಕೆ ಆಗುತ್ತಾ?”

ಇನ್ನೂ ಜೋರಾಗಿ ಆಡಿಸಿದೆ.

“ನಮ್ಮ ಊಟ ಸೇರುತ್ತಾ?”

ಜಡೆ ಎರಡೂ ಭುಜಕ್ಕೆ ಬಡಿಯುವಷ್ಟು ಆಡಿಸಿದೆ.

ಮೇಡಂ ಮೆಲ್ಲಗೆ ಹೇಳಿದರು. “ಅರ್ಥವಾಯ್ತು ಮಗು.”

ಆ ಸಂಜೆಯೇ ಹೋಗಿ ಸೂಟ್‌ಕೇಸ್ ತಂದೆ. ಮರುದಿನ ಪ್ರಿನ್ಸಿಪಾಲರು ಕರೆಸಿದರು.

“ಯಾವಾಗ ಹೊರಡ್ಬೇಕು ಸರ್?”

“ಎಲ್ಲಿಗಮ್ಮಾ? ಕೇಳಿದ್ದಕ್ಕೆಲ್ಲ ಆಗಲ್ಲ, ಆಗಲ್ಲ ಅಂತ ತಲೆ ಅಲ್ಲಾಡಿಸಿದ್ಯಂತೆ! ಪಾಪ, ಇಷ್ಟ ಇಲ್ಲದ ಹುಡುಗೀನ ಯಾಕ್ರೀ ಬಲವಂತ ಮಾಡ್ತೀರಿ ಅಂತ ಆ ಮೇಡಂ ನನಗೇ ಬೈದ್ರು.”