ಹಸುವಿನ ಪಾತ್ರದಲ್ಲಿ ಅಜ್ಜಿ

"ಅಂಬಾ ಅನ್ನಬೇಡ ಅಜ್ಜಿ, ನಗು ಬರುತ್ತೆ. ಸುಮ್ನೆ ನಿಂತ್ಕೋ."

"ಹಸು ಅಂದ್ಮೇಲೆ ಅಂಬಾ ಅನ್ನದೆ ಇನ್ನೇನು ಪದ ಹಾಡ್ಲಾ?" ಎಂದು ಅಜ್ಜಿ ಹೊಲಿಗೆ ಯಂತ್ರದ ಮೇಜಿಗೆ ಎರಡೂ ಕೈ ಊರಿ ಬಗ್ಗಿ ನಿಂತಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ನಲವತ್ತು ವರ್ಷದಿಂದ ದರ್ಜಿ ಕೆಲಸ. ಸ್ನಾನಕ್ಕೆ ಹೋಗುವಾಗ ಮಾತ್ರ ಆ ಟೇಪನ್ನು ತೆಗೆದಿಡುವವಳು. ಯಂತ್ರದ ಮೇಲೆ ಒಂದು ಬಿಳಿ ಬಟ್ಟೆ ಹತ್ತು ದಿನದಿಂದ ಅರ್ಧಕ್ಕೇ ನಿಂತಿತ್ತು. ಏನದು ಎಂದು ಕೇಳಿದರೆ, "ಅಧಿಕಪ್ರಸಂಗಿ, ಓದ್ಕೋ ಹೋಗು" ಎನ್ನುತ್ತಿದ್ದಳು.

ಸೋಮವಾರ ಮೊಮ್ಮಗಳಿಗೆ ಪಶುವೈದ್ಯ ಕಾಲೇಜಿನ ಪ್ರವೇಶಕ್ಕೆ ಪ್ರಾಯೋಗಿಕ ಪರೀಕ್ಷೆ. ಎರಡನೆಯ ಸಲ, ನಿಯಮದ ಪ್ರಕಾರ ಕೊನೆಯದೂ ಹೌದು. ಹೋದ ವರ್ಷ ಹಸುವಿನ ಮುಂದೆ ನಿಲ್ಲಿಸಿದಾಗ ಈ ಮಹರಾಯ್ತಿ ಕಣ್ಣು ಮುಚ್ಚಿಕೊಂಡು ಇಡೀ ಪಾಠ ಒಪ್ಪಿಸಿದ್ದಳು. "ಪುಸ್ತಕ ಚೆನ್ನಾಗಿ ಓದಿದ್ದೀಯಮ್ಮ. ಹಸುವಿನ ಕಡೆ ಒಂದ್ಸಲನಾದ್ರೂ ನೋಡಿದ್ಯಾ?" ಎಂದು ಪರೀಕ್ಷಕರು ಕೇಳಿದ್ದರು. ಸೀಟು ಕೈತಪ್ಪಿತ್ತು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಗೆ ಹಸುವನ್ನು ಎಲ್ಲಿಂದ ತರುವುದು? ಅದಕ್ಕೇ ದಿನಾ ಮಧ್ಯಾಹ್ನ ಅಜ್ಜಿಯೇ ಹಸು. ಷರತ್ತು ಒಂದೇ: ಎಲ್ಲಿ ನೋವು ಎಂದು ಹಸು ಬಾಯಿಬಿಟ್ಟು ಹೇಳಬಾರದು, ಮೊಮ್ಮಗಳೇ ಕಂಡುಹಿಡಿಯಬೇಕು.

ಅಜ್ಜಿಗೋ ನಾಟಕವೆಂದರೆ ಪ್ರಾಣ. ಕಿವಿ ಮುಟ್ಟಿದರೆ ತಲೆ ಕೊಡವುವಳು, ಮಂಡಿ ಮುಟ್ಟಿದರೆ ಕಾಲು ಝಾಡಿಸುವಳು. "ಇದು ಹಸುವೋ ಕುದುರೆಯೋ?" ಎಂದರೆ, "ಪರೀಕ್ಷೇಲಿ ಯಾವುದು ಬರುತ್ತೋ ಯಾರಿಗೆ ಗೊತ್ತು, ಎರಡೂ ಇರ್ಲಿ ಬಿಡು" ಎನ್ನುವಳು.

ಇವತ್ತು ಹೊಸ ಪಾಠ. ಮೊದಲು ತೂಕ. ಹಸುವನ್ನು ತಕ್ಕಡಿಗೆ ಹತ್ತಿಸಲಾಗದು; ಎದೆಯ ಸುತ್ತ ಟೇಪು ಹಿಡಿದು ಅಂದಾಜು ಮಾಡುತ್ತಾರೆ. ಮೊಮ್ಮಗಳು ಅಜ್ಜಿಯ ಕೊರಳ ಟೇಪನ್ನೇ ಎಳೆದು ಸುತ್ತಿದಳು. "ಮೂವತ್ಮೂರು."

"ಮೂವತ್ತೇಳು," ಅಜ್ಜಿ ತಟ್ಟನೆ ಅಂದಳು. "ನನ್ನ ಅಳತೆ ನನಗೆ ಗೊತ್ತಿಲ್ವಾ? ಟೇಪು ಹಿಡಿಯೋಕೂ ಬರಲ್ವಲ್ಲೇ ನಿನಗೆ!"

ಮತ್ತೆ ಹಿಡಿದಳು. ಮೂವತ್ಮೂರೇ. "ಹಾಗಾದ್ರೆ ಟೇಪು ಹಳೇದು, ಎಳೆದು ಎಳೆದು ಉದ್ದ ಆಗಿದೆ," ಎಂದಳು ಅಜ್ಜಿ. ಮೊಮ್ಮಗಳು ನಂಬಿಬಿಟ್ಟಳು.

ಆಮೇಲೆ ಹೊಟ್ಟೆ. ಎಡಗಡೆ ಒತ್ತಿದಳು, ಅಂಬಾ. ನಡುವೆ ಒತ್ತಿದಳು, ಅಂಬಾ, ಜೊತೆಗೊಂದು ಒದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದಾಗ ಅಜ್ಜಿ ಏನೂ ಮಾಡಲಿಲ್ಲ. ಸದ್ದಿಲ್ಲ, ಒದೆಯಿಲ್ಲ. ಮೇಜಿನ ಅಂಚು ಹಿಡಿದಿದ್ದ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು, ಉಸಿರು ನಿಂತಿತ್ತು.

ನೋವಿರುವ ಪ್ರಾಣಿ ಅದನ್ನು ಬಚ್ಚಿಡುತ್ತದೆ ಎಂಬ ಪುಸ್ತಕದ ಸಾಲಿನ ಕೆಳಗೆ ಮೊಮ್ಮಗಳೇ ಕೆಂಪು ಗೆರೆ ಎಳೆದಿದ್ದಳು. ಈ ಸಲ ಅವಳು ಪುಸ್ತಕ ನೆನೆಯಲಿಲ್ಲ, ಅಜ್ಜಿಯ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ಭುಜದ ಹತ್ತಿರ ಸಡಿಲವಾದ ರವಿಕೆಗೆ ಪಿನ್ನು ಹಾಕಿತ್ತು. ಇಷ್ಟು ದಿನ ದಿನಾ ಎದುರಿಗೇ ಇದ್ದಳಲ್ಲ, ತನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೇ?

"ಎಷ್ಟು ದಿನದಿಂದ ಅಜ್ಜಿ?"

"ಹಸು ಮಾತಾಡಬಾರದು ಅಂತ ನೀನೇ..."

"ಆಟ ಮುಗೀತು! ಎಷ್ಟು ದಿನದಿಂದ?"

"ಎರಡು ತಿಂಗಳಿರಬಹುದು," ಅಜ್ಜಿ ಮೆಲ್ಲನೆ ಕುರ್ಚಿಯಲ್ಲಿ ಕೂತಳು. "ಹೇಳಿದ್ರೆ ಆಸ್ಪತ್ರೇಲಿ ಪಕ್ಕದಲ್ಲಿ ಕೂರೋರು ಯಾರು? ನಿಮ್ಮಮ್ಮನಿಗೆ ರಜೆ ಸಿಗಲ್ಲ. ನೀನೇ ಕೂರಬೇಕು. ನಿನ್ನ ಓದು ಏನಾಗಬೇಕು ಆಮೇಲೆ? ಸೋಮವಾರ ಕಳೀಲಿ, ನಾನೇ ಬರ್ತೀನಿ. ಅಲ್ಲೀತನಕ ನಾನು ಹಸುನೇ ಕಣೆ."

"ಹಸುವಾದ್ರೆ ಹಗ್ಗ ಹಾಕಿ ಎಳ್ಕೊಂಡು ಹೋಗ್ತೀನಿ," ಎಂದು ಅಳುತ್ತಲೇ ಗದರಿಸಿ, ಮೊಮ್ಮಗಳು ಅವಳ ಕಾಲಿಗೆ ಚಪ್ಪಲಿ ತೊಡಿಸಿದಳು.

ಬೀದಿ ಕೊನೆಯ ಡಾಕ್ಟರಮ್ಮ "ಎಲ್ಲಿ ನೋವು?" ಎಂದರೆ ಅಜ್ಜಿ ತುಟಿ ಬಿಚ್ಚಲಿಲ್ಲ. ಮೊಮ್ಮಗಳೇ ಬೆರಳಿಟ್ಟು ಜಾಗ ತೋರಿಸಿದಳು, ಎರಡು ತಿಂಗಳು ಎಂದಳು, ಅಳತೆಯಲ್ಲಿ ನಾಲ್ಕಿಂಚು ಇಳಿದಿದೆ ಎಂದಳು. ಅಲ್ಲಿ ಒತ್ತಿ ನೋಡುತ್ತಿದ್ದಂತೆ ಡಾಕ್ಟರಮ್ಮನ ಮುಖದ ನಗು ಮಾಯವಾಯಿತು. ದೊಡ್ಡಾಸ್ಪತ್ರೆಗೆ ಚೀಟಿ ಬರೆದು, "ಇವತ್ತೇ ಹೋಗಿ" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಇಷ್ಟು ಸರಿಯಾಗಿ ಹೇಳ್ತೀಯಲ್ಲ, ಏನು ಓದ್ತಿದ್ದೀಯಮ್ಮ?" ಎಂದು ಕೇಳಿದರು.

"ಇನ್ನೂ ಸೇರಿಲ್ಲ. ಸೋಮವಾರ ಪರೀಕ್ಷೆ ಇದೆ. ಈಗ ಹೋಗ್ತೀನೋ ಇಲ್ವೋ..."

"ಹೋಗ್ತಾಳೆ," ಅಜ್ಜಿ ಆಗ ಬಾಯಿಬಿಟ್ಟಳು. "ಕಾಲೇಜಿಗೆ ಹಾಕ್ಕೊಳ್ಳೋಕೆ ಬಿಳಿ ಕೋಟು ಹೊಲೀತಾ ಇದ್ದೀನಿ ಡಾಕ್ಟ್ರೇ. ಒಂದು ತೋಳು ಮಾತ್ರ ಬಾಕಿ. ಅದನ್ನ ಹಚ್ಚೋವಷ್ಟು ದಿನ ನನಗಿದೆ ತಾನೇ?"